ಗುರಿಕಾರರ ಮನೆಗೆ ಕರೆಂಟು ಹೋದ ದಾರಿ

ಅರಣ್ಯ ಇಲಾಖೆಯ ಅನುಮತಿ ಬಂದ ದಿನ ನಾನು ಶಾಖಾ ಕಚೇರಿಯಲ್ಲಿ ಎಲ್ಲರಿಗೂ ಗೋಳಿಬಜೆ ತರಿಸಿದೆ. ಅಷ್ಟು ಬೇಗ ಖುಷಿಪಡಬಾರದಿತ್ತು. ಆಗ ನಾನು ಬೆಳ್ತಂಗಡಿ ತಾಲೂಕಿನ ಒಂದು ಶಾಖೆಯಲ್ಲಿ ವಿದ್ಯುತ್ ಕಂಪನಿಯ ಜೂನಿಯರ್ ಇಂಜಿನಿಯರ್. ಘಟ್ಟದ ಬುಡದಲ್ಲಿ, ರಾಷ್ಟ್ರೀಯ ಉದ್ಯಾನದ ಗಡಿಗೆ ತಾಗಿಕೊಂಡು ಮಲೆಕುಡಿಯ ಬುಡಕಟ್ಟಿನವರ ಹತ್ತು ಹನ್ನೆರಡು ಮನೆಗಳಿದ್ದವು. ಅಲ್ಲಿಗೆ ಕರೆಂಟು ಇರಲಿಲ್ಲ. ಯಾವುದೋ ಯೋಜನೆಯಲ್ಲಿ ಕೊಟ್ಟ ಸೋಲಾರ್ ದೀಪಗಳ ಬ್ಯಾಟರಿ ಸತ್ತು, ಅದರ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಲೈನಿಗೆ ಮಂಜೂರಾತಿ ಯಾವತ್ತೋ ಆಗಿದ್ದರೂ, ಒಂದು ತುಂಡು ಕಾಡು ದಾಟಬೇಕೆಂಬ ಕಾರಣಕ್ಕೆ ಕಡತ ಆ ಮೇಜಿನಿಂದ ಈ ಮೇಜಿಗೆ ಅಲೆಯುತ್ತಿತ್ತು. ಅದು ಮುಗಿದ ಮೇಲೆ ಇನ್ನೇನು, ಕಂಬ ಇಳಿಸುವುದೇ ಎಂದುಕೊಂಡೆ. ಕಾಡು ದಾರಿ ಬಿಟ್ಟಿತು, ತೋಟ ಬಿಡಲಿಲ್ಲ.

ನಮ್ಮ ಹನ್ನೊಂದು ಕೆ.ವಿ. ಲೈನು ಡಾಮರು ರಸ್ತೆಯ ಕೊನೆಯ ತನಕ ಇತ್ತು. ಅಲ್ಲಿಂದ ಆ ಮನೆಗಳಿಗೆ ನೇರ ದಾರಿಯೆಂದರೆ ಮೊದಲು ಒಂದು ರಬ್ಬರ್ ತೋಟ, ಆಮೇಲೆ ಹೊಳೆ, ಆಮೇಲೆ ಕಾಡಿನ ಪಟ್ಟಿ. ಹೈಟೆನ್ಶನ್ ತಂತಿಯನ್ನು ಮನೆಗಳ ಹತ್ತಿರದವರೆಗೂ ಒಯ್ದು, ಅಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸುವುದು ನನ್ನ ಅಂದಾಜುಪಟ್ಟಿ. ಟ್ರಾನ್ಸ್‌ಫಾರ್ಮರನ್ನು ರಸ್ತೆಬದಿಯಲ್ಲೇ ಇಟ್ಟು, ಅಲ್ಲಿಂದ ಮನೆಬಳಕೆಯ ತಂತಿಯನ್ನೇ ಉದ್ದಕ್ಕೆ ಎಳೆದರೆ ಖರ್ಚು ಕಡಿಮೆ. ಆದರೆ ದೂರ ಹೋದ ಹಾಗೆ ವೋಲ್ಟೇಜ್ ಇಳಿಯುತ್ತ ಹೋಗಿ, ಕೊನೆಯ ಮನೆಯಲ್ಲಿ ಬಲ್ಬು ಉರಿದೀತು, ಮಿಕ್ಸಿ ತಿರುಗಲಿಕ್ಕಿಲ್ಲ. ಹೈಟೆನ್ಶನ್ ಲೈನಿನ ಕಷ್ಟ ಬೇರೆ. ಅದರ ಕೆಳಗೂ ಅಕ್ಕಪಕ್ಕದಲ್ಲೂ ಮರ ಇರಬಾರದು. ಹಾಗೆಂದರೆ ಹಾಲು ಕೊಡುವ ರಬ್ಬರ್ ಮರಗಳ ಸಾಲುಗಳೇ ಹೋಗಬೇಕು. ತೋಟದ ಯಜಮಾನರ ಒಪ್ಪಿಗೆ ಪತ್ರ ತನ್ನಿ, ಕೆಲಸ ಶುರು ಮಾಡುವ ಎಂದರು ನನ್ನ ಮೇಲಧಿಕಾರಿ. ಹಾಗೆ ಹೇಳುವುದು ಸುಲಭ.

ಈ ಕೆಲಸದಲ್ಲಿ ನನಗೆ ಅವಸರವಿದ್ದದ್ದು ಒಬ್ಬರ ದೆಸೆಯಿಂದ. ಆ ಮನೆಗಳ ಹಿರಿಯರು, ಅವರ ಕುಲಕ್ಕೆ ಮುಖ್ಯಸ್ಥರು, ಎಂದರೆ ಗುರಿಕಾರರು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ನಳಿಕೆಗೆ ಕೊಡುವ ಒಂದು ಮಶೀನು ದಿನದ ಹೆಚ್ಚು ಹೊತ್ತು ಓಡುತ್ತಿರಬೇಕು. ಮಶೀನಿಗೆ ಕರೆಂಟು ಬೇಕು. ಅದಕ್ಕಾಗಿ ಅವರು ಊರು ಬಿಟ್ಟು ಬಂದು, ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದುಗಡೆ ಮಗಳ ಬಾಡಿಗೆ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರು. ಮಗಳು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಕೋಣೆಯ ಕಿಟಕಿ ತೆರೆದರೆ ಬಸ್ಸುಗಳ ಹೊಗೆ, ಮುಚ್ಚಿದರೆ ಸೆಕೆ. ಅರ್ಜಿಗೆ ಸಹಿ ಪಡೆಯಲು ಮೊದಲ ಸಲ ಹೋದಾಗ ಗುರಿಕಾರರು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು.

"ಯಾವಾಗ ಆಗ್ತದೆ ಸಾರ್?" ಎಂದು ಕೇಳಿದರು.

"ಮಳೆಗಾಲಕ್ಕೆ ಮೊದಲು ಮಾಡುವ ಅಜ್ಜ," ಎಂದೆ.

"ಡಾಕ್ಟ್ರು ನನಗೆ ಹೆಚ್ಚು ಸಮಯ ಹೇಳಲಿಲ್ಲ. ನನಗೆ ಇಲ್ಲಿ ಸಾಯಲಿಕ್ಕೆ ಮನಸ್ಸಿಲ್ಲ. ನಮ್ಮ ಹೊಳೆಯ ಸದ್ದು ಕೇಳಿಕೊಂಡು ಹೋಗಬೇಕು ಅಂತ ಒಂದು ಆಸೆ ಉಂಟು."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅದನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ. ಅವರು ಗೋಳಾಡಿ ಹೇಳಿದ್ದಲ್ಲ, ಪೇಟೆಗೆ ಹೋಗಿ ಬರಬೇಕು ಎನ್ನುವ ದನಿಯಲ್ಲಿ ಹೇಳಿದರು. ಅದಕ್ಕೇ ನನಗೆ ಸಂಕಟವಾಯಿತು.

ತೋಟದ ಯಜಮಾನರಿದ್ದದ್ದು ಮೂಡುಬಿದಿರೆಯಲ್ಲಿ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಹಳೆಯ ಗುತ್ತಿನ ಮನೆತನ, ಎಂದರೆ ಒಂದು ಕಾಲದಲ್ಲಿ ಊರಿನ ಭೂಮಿಯೆಲ್ಲ ಇದ್ದ ಧಣಿಗಳು. ಗುತ್ತಿನ ಮನೆ ತೋಟದ ಹತ್ತಿರವೇ ಇದ್ದರೂ ಹಬ್ಬಕ್ಕೆ, ದೈವದ ಕೆಲಸಕ್ಕೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೀಗಾಗಿ ಲೈನು ಒಂದು ಕಡೆ, ಲೈನು ಬೇಕಾದವರು ಇನ್ನೊಂದು ಕಡೆ, ಲೈನಿಗೆ ಜಾಗ ಕೊಡಬೇಕಾದವರು ಮತ್ತೊಂದು ಕಡೆ. ಬೆಳ್ತಂಗಡಿಯಿಂದ ಬಿ.ಸಿ.ರೋಡಿಗೆ, ಅಲ್ಲಿಂದ ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಖಾಸಗಿ ಬಸ್ಸುಗಳಲ್ಲಿ ನೇತಾಡಿಕೊಂಡು ಎಷ್ಟು ಸಲ ಹೋದೆನೋ, ಕೊನೆ ಕೊನೆಗೆ ಕಂಡಕ್ಟರು ಟಿಕೆಟ್ ಕೇಳುವಾಗ ಊರಿನ ಹೆಸರು ಕೇಳುತ್ತಿರಲಿಲ್ಲ.

ಯಜಮಾನರು ಒಳ್ಳೆಯವರೇ. ಕೂರಿಸಿ, ಕಾಫಿ ಕೊಡಿಸಿ, ಬಾಳೆಹಣ್ಣಿನ ಬನ್ಸ್ ತಿನ್ನಿಸಿದ ಮೇಲೆಯೇ ವಿಷಯಕ್ಕೆ ಬಂದದ್ದು. ನಕಾಶೆ ಬಿಡಿಸಿ ತೋರಿಸಿದೆ. ಕೆಂಪು ಗೆರೆ ಅವರ ತೋಟದ ನಡುವಿನಲ್ಲಿ ಹೋಗುವುದನ್ನು ನೋಡಿ ಕನ್ನಡಕ ತೆಗೆದರು.

"ನೀವು ಎಲ್ಲಿಯವರು ಮಾರಾಯ್ರೆ?"

"ವಿಟ್ಲದ ಹತ್ತಿರ."

"ಜಾಗ ಉಂಟಾ?"

"ಸ್ವಲ್ಪ ಉಂಟು. ಅಜ್ಜ ಗೇಣಿಗೆ ಮಾಡ್ತಿದ್ದದ್ದು. ಡಿಕ್ಲರೇಶನ್ ಕೊಟ್ಟು ನಮ್ಮದಾಯ್ತು."

"ಹಾಗೆ ಹೇಳಿ," ಎಂದು ನಕ್ಕರು. ಆ ನಗುವಿನಲ್ಲಿ ಖುಷಿ ಇರಲಿಲ್ಲ. "ಭೂಸುಧಾರಣೆಯಲ್ಲಿ ನಿಮ್ಮಂಥವರ ಅಜ್ಜಂದಿರು ತಗೊಂಡ ಮೇಲೆ ನಮಗೆ ಉಳಿದದ್ದು ಆ ಗುಡ್ಡೆ. ಗದ್ದೆ ಪೂರಾ ಹೋಯ್ತು. ನಮ್ಮ ಅಮ್ಮ ಅಕ್ಕಿ ಕ್ರಯಕ್ಕೆ ತಂದು ಊಟ ಹಾಕಿದ್ದಾರೆ, ಗೊತ್ತುಂಟಾ? ಈಗ ಆ ಗುಡ್ಡೆಯ ಮರವನ್ನೂ ಕಡಿಯಬೇಕು ಅಂತೀರಿ. ನನ್ನ ಅಜ್ಜ ಎಂತದೋ ಮಾಡಿರಬಹುದು, ಇಲ್ಲ ಅಂತ ನಾನು ಹೇಳುವುದಿಲ್ಲ. ನಾನು ಜೀವಮಾನ ಪೂರಾ ಬ್ಯಾಂಕಿನಲ್ಲಿ ದುಡಿದವ. ಅಜ್ಜನ ಲೆಕ್ಕಕ್ಕೆ ನನ್ನನ್ನು ಎಷ್ಟು ಸಲ ಹಿಡಿಯುವುದು?"

ನಾನು ನಕಾಶೆ ಮಡಚಿಕೊಂಡೆ. ನನ್ನ ಅಪ್ಪ ಓದಿದ್ದು, ನಾನು ಇಂಜಿನಿಯರ್ ಆದದ್ದು ಆ ಗದ್ದೆಯ ಭತ್ತದಿಂದ. ಆದರೆ ನಾನು ಬಂದದ್ದು ಕಂಬದ ವಿಚಾರಕ್ಕೆ. ಮೂರು ತಲೆಮಾರಿನ ಪಂಚಾಯ್ತಿಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ.

ಎರಡನೆಯ ಸಲ ಹೋದಾಗ ಅವರೇ ಒಂದು ದಾರಿ ಹೇಳಿದರು. ತೋಟದ ನಡುವೆ ಬೇಡ, ಬೇಲಿಯ ಅಂಚಿನಲ್ಲಿ ಸುತ್ತಿಕೊಂಡು ಹೋಗಲಿ. ಹೈಟೆನ್ಶನ್ ಬೇಡ, ಸಾದಾ ತಂತಿ ಹೋಗಲಿ. ನಾಲ್ಕಾರು ಮರ ಸವರಿದರೆ ಸಾಕಾಗುತ್ತದೆ, ಅದಕ್ಕೆ ಪರಿಹಾರವೂ ಬೇಡ, ಮನೆತನದ ಲೆಕ್ಕದಲ್ಲಿ ಕೊಡುತ್ತೇನೆ. ಆದರೆ ಮೊದಲ ಕಂಬದ ಬುಡದಲ್ಲಿ ಒಂದು ಕಲ್ಲು ನಿಲ್ಲಬೇಕು, ಅದರಲ್ಲಿ ಗುತ್ತಿನ ಮನೆತನದ ಉದಾರ ಕೊಡುಗೆ ಎಂದು ಬರೆದಿರಬೇಕು. "ಮತ್ತೆ ಕರೆಂಟು ಬೇಕಾದ ಆ ಮೇಲಿನ ಮನೆಯವರು ಒಂದು ದಿನ ಗುತ್ತಿನ ಮನೆಗೆ ಬಂದು ಹೋಗಲಿ. ಅವರ ಅಪ್ಪನ ಕಾಲದಿಂದ ಬರುವುದು ನಿಲ್ಲಿಸಿದ್ದಾರೆ. ನನಗೆ ಬೇರೆ ಎಂತದೂ ಬೇಡ," ಎಂದರು.

ಮೇಲಧಿಕಾರಿಗೆ ಫೋನು ಮಾಡಿದೆ. "ಕೂಡಲೇ ಒಪ್ಪಿಕೊಳ್ಳಿ, ಕಲ್ಲು ತಾನೇ, ಇಡಲಿ," ಎಂದರು. ನನಗೂ ಹಾಗೇ ಅನಿಸಿತು. ವೋಲ್ಟೇಜ್ ಸ್ವಲ್ಪ ಕಡಿಮೆಯಾದೀತು, ದಪ್ಪ ತಂತಿ ಹಾಕಿ ಸುಧಾರಿಸಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಿ.ಸಿ.ರೋಡಿನ ಬಸ್ಸು ಹತ್ತಿದೆ.

ಯಜಮಾನರು ನನ್ನ ಅಜ್ಜನ ಗೇಣಿ ಎತ್ತಿ ಆಡಿದ್ದನ್ನೂ ಬಿಡದೆ ಹೇಳಿದೆ. ಗುರಿಕಾರರು ಪೂರ್ತಿ ಕೇಳಿದರು. ಆಮೇಲೆ ತಲೆಯಲ್ಲಾಡಿಸಿದರು.

"ಕಲ್ಲು ಬೇಡ ಸಾರ್."

"ಯಾಕೆ ಅಜ್ಜ? ಒಂದು ಕಲ್ಲಿನಿಂದ ನಿಮಗೆ ಎಂತ ಹೋಗ್ತದೆ?"

"ಆ ಗುಡ್ಡೆ ಮೊದಲು ನಮ್ಮ ಕುಮೇರಿ. ಕಾಡು ಸವರಿ, ಸುಟ್ಟು, ರಾಗಿ ಬಿತ್ತುವುದು. ಎರಡು ಬೆಳೆ ತೆಗೆದು ಅದನ್ನು ಕಾಡಿಗೆ ಬಿಟ್ಟು ಮುಂದೆ ಹೋಗುವುದು. ನಾವು ಬಿಟ್ಟು ಹೋದ ಜಾಗಕ್ಕೆ ಧಣಿಗಳ ಅಜ್ಜ ಬೇಲಿ ಹಾಕಿಸಿದ್ರು. ಬೇಲಿ ಹಾಕಲಿಕ್ಕೂ ನಮ್ಮವರೇ. ಮತ್ತೆ ರಬ್ಬರಿನ ಗುಂಡಿ ತೋಡಲಿಕ್ಕೂ ನನ್ನ ಅಪ್ಪನನ್ನೇ ಕರೆದದ್ದು." ಉಸಿರಿಗೆ ನಿಲ್ಲಿಸಿದರು. "ಕೂಲಿ ಅಂತ ಅಕ್ಕಿ ಕೊಡ್ತಿದ್ರು. ಎಷ್ಟು ಅಂತ ಕೇಳುವ ಕ್ರಮ ಇರಲಿಲ್ಲ. ನಿಮ್ಮ ಅಜ್ಜನ ಹತ್ತಿರ ಗೇಣಿ ಚೀಟಿ ಇತ್ತು, ನಿಮಗೆ ಜಾಗ ಸಿಕ್ಕಿತು. ನಮ್ಮವರ ಹತ್ತಿರ ಕತ್ತಿ ಮಾತ್ರ ಇದ್ದದ್ದು. ಈಗ ಅಲ್ಲಿ ಅವರ ಕೊಡುಗೆ ಅಂತ ಕಲ್ಲು ಹಾಕಿದ್ರೆ ನಾಳೆ ನಮ್ಮ ಮಕ್ಕಳು ಓದಿ ಅದನ್ನೇ ನಂಬ್ತಾರೆ."

ನನಗೆ ರೇಗಿತು. ಬೆಳಗ್ಗಿನಿಂದ ಎರಡು ಬಸ್ಸು ಬದಲಿಸಿ, ಊಟ ಬಿಟ್ಟು ಬಂದವ ನಾನು. "ಅಜ್ಜ, ನಿಮಗೆ ಕರೆಂಟು ಬೇಕಾ, ಮರ್ಯಾದೆ ಬೇಕಾ? ಒಂದು ಹೇಳಿ," ಎಂದುಬಿಟ್ಟೆ.

"ಧಣಿಗಳ ಮನೆಯಲ್ಲಿ ಎರಡೂ ಉಂಟಲ್ಲ ಸಾರ್," ಎಂದರು.

ಒಲೆಯ ಹತ್ತಿರ ನಿಂತಿದ್ದ ಮಗಳಿಗೂ ಸಿಟ್ಟು ಬಂತು, ನನ್ನ ಮೇಲಲ್ಲ, ಅಪ್ಪನ ಮೇಲೆ. "ಅಪ್ಪ, ಅವರು ಎಂತ ಬೇಕಾದರೂ ಬರೆದುಕೊಳ್ಳಲಿ. ನಾನು ಆ ಕಲ್ಲಿನ ಮೇಲೆ ಚಂಡಿ ಬಟ್ಟೆ ಒಣಗಲಿಕ್ಕೆ ಹಾಕ್ತೇನೆ, ಅಕ್ಷರ ಯಾರಿಗೂ ಕಾಣುವುದಿಲ್ಲ. ನಿನ್ನನ್ನು ಮನೆಗೆ ಕರ್ಕೊಂಡು ಹೋದರೆ ಸಾಕು ನನಗೆ," ಎಂದಳು. ಇಡೀ ಪ್ರಕರಣದಲ್ಲಿ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ ಎಂದು ಆ ಹೊತ್ತಿಗೆ ಅನಿಸಿತು. ಅಪ್ಪ ಮಗಳು ಬಹಳ ಹೊತ್ತು ಜಗಳಾಡಿದರು. ಕೊನೆಗೆ ಗುರಿಕಾರರು ಅರ್ಧ ಇಳಿದುಬಂದರು. ಕಲ್ಲು ಬೇಕಾದರೆ ಹಾಕಿಕೊಳ್ಳಲಿ. ಗುತ್ತಿನ ಮನೆಗೆ ಮಾತ್ರ ನಮ್ಮವರು ಯಾರೂ ಹೋಗುವುದಿಲ್ಲ.

ಅದು ಸುಮ್ಮನೆ ಹಟವಲ್ಲ ಎಂದು ನನಗೆ ಗೊತ್ತಿತ್ತು. ಗುತ್ತಿನ ಮನೆಗೆ ಬಂದು ಹೋಗುವುದು ಎಂದರೆ ನಮ್ಮ ಕಡೆ ಕೈಬೀಸಿಕೊಂಡು ಹೋಗುವುದಲ್ಲ. ಒಕ್ಕಲುಗಳು, ಆಶ್ರಯದಲ್ಲಿದ್ದವರು ಹಬ್ಬದ ದಿನಗಳಲ್ಲಿ ತಾವು ಬೆಳೆದದ್ದನ್ನು, ಕಾಡಿನಲ್ಲಿ ಸಿಕ್ಕಿದ್ದನ್ನು ತಂದು ಚಾವಡಿಯಲ್ಲಿಡಬೇಕು. ಬುಳೆಕಾಣಿಕೆ ಅಂತಾರೆ. ಸೌತೆಕಾಯಿ, ಬಾಳೆಗೊನೆ, ಕೋಳಿ, ಇವರದ್ದಾದರೆ ಜೇನು. ಬದಲಿಗೆ ಎಲೆಯಡಿಕೆ, ಒಂದು ಕುಡ್ತೆ ಎಣ್ಣೆ. ತಂದಿಟ್ಟವರು, ನಾವು ನಿಮ್ಮ ಅಡಿಯಾಳುಗಳು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗುರಿಕಾರರ ಅಪ್ಪ ಒಂದು ವರ್ಷ ಅದನ್ನು ನಿಲ್ಲಿಸಿದರಂತೆ. ಆ ವರ್ಷವೇ ತೋಟದೊಳಗಿನ ಕಾಲುದಾರಿಗೆ ಮುಳ್ಳು ಬಿದ್ದು, ಅಂದಿನಿಂದ ಅವರು ಹೊಳೆಯ ಆಚೆಯಿಂದ ಸುತ್ತು ಹಾಕಿ ನಡೆಯುತ್ತಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದೂ ಇಲ್ಲ.

ಮೂಡುಬಿದಿರೆಗೆ ಫೋನು ಮಾಡಿ, ಬಂದು ಹೋಗುವ ವಿಷಯ ಒಂದನ್ನು ಬಿಡಿ ಎಂದು ಕೇಳಿಕೊಂಡೆ. ಯಜಮಾನರು ಆಗುವುದಿಲ್ಲ ಎನ್ನಲಿಲ್ಲ, ನೋಡುವ ಎಂದರು. ಅಷ್ಟು ಸಾಕೆಂದು ನಾನು ಅಂಚಿನ ದಾರಿಯ ಸರ್ವೆಗೆ ಹೊರಟೆ.

ಇಷ್ಟರಲ್ಲಿ ಆ ವಾರ್ಡಿನ ಪಂಚಾಯತ್ ಸದಸ್ಯರು ಒಂದು ಉಪಕಾರ ಮಾಡಿದರು. ಅವರೂ ಲೈನು ಬರಲೆಂದು ಬಹಳ ಓಡಾಡಿದವರು. ಮನುಷ್ಯ ಕೆಟ್ಟವರಲ್ಲ. ಯಜಮಾನರು ಗುತ್ತಿನ ಮನೆಗೆ ಬಂದಿದ್ದಾರೆ, ಈಗಲೇ ಹೋಗಿ ಮಾತು ಗಟ್ಟಿ ಮಾಡಿಕೊಳ್ಳುವ ಎಂದು ಹೊರಟವರು, ದಾರಿಯಲ್ಲಿ ಪೇಟೆಯಿಂದ ಒಂದು ಬಾಟಲಿ ಜೇನು, ಒಂದು ಗೊನೆ ಕದಳಿ ಬಾಳೆ, ನಾಲ್ಕು ಮುಳ್ಳುಸೌತೆ ಕೊಂಡು ಹೋಗಿ, ಚಾವಡಿಯಲ್ಲಿಟ್ಟು, ಮೇಲಿನ ಮನೆಯವರು ಕಳಿಸಿದ್ದು ಎಂದುಬಿಟ್ಟರು.

ಯಜಮಾನರಿಗೆ ಕಣ್ಣು ತುಂಬಿ ಬಂತಂತೆ. ಅವರ ತಾಯಿಯ ಕಾಲದಿಂದ ಆ ಚಾವಡಿಗೆ ಯಾರೂ ಏನೂ ತಂದಿರಲಿಲ್ಲ. ಹಿತ್ತಾಳೆಯ ಹರಿವಾಣದಲ್ಲಿ ಎಲ್ಲವನ್ನೂ ಜೋಡಿಸಿ, ಎದುರಿಗೆ ದೀಪ ಹಚ್ಚಿ, ಫೋಟೋ ತೆಗೆದು, ಹಳೆಯ ಬಾಂಧವ್ಯ ಮತ್ತೆ ಕೂಡಿಬಂತು ಎಂದು ಬರೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅದು ಅಲ್ಲಿಂದ ಊರಿನ ಗುಂಪಿಗೆ ಬಂತು, ಊರಿನ ಗುಂಪಿನಿಂದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಗುರಿಕಾರರ ಮಗಳ ಫೋನಿಗೆ ಹೋಯಿತು.

ಅವಳು ನನಗೆ ಫೋನು ಮಾಡಿದಾಗ ನಾನು ತೋಟದ ಅಂಚಿನಲ್ಲಿ ಟೇಪು ಹಿಡಿದು, ಕಂಬದ ಗುರುತಿಗೆ ಗೂಟ ಹೊಡೆಸುತ್ತ ನಿಂತಿದ್ದೆ.

"ಸಾರ್, ಗೂಟ ಕೀಳಿ. ನಮಗೆ ಈ ಲೈನು ಬೇಡ," ಎಂದಳು.

"ಎಂತಾಯ್ತು ಮಾರಾಯ್ತಿ?"

"ನಾನು ಕಲ್ಲು ಹಾಕಿದರೂ ಅಡ್ಡಿಯಿಲ್ಲ ಅಂದವಳು. ಈಗ ನಮ್ಮ ಅಜ್ಜ ನಿಲ್ಲಿಸಿದ್ದನ್ನು ನಮ್ಮ ಹೆಸರಿನಲ್ಲಿ ಬೇರೆ ಯಾರೋ ಶುರು ಮಾಡಿದ್ದಾರೆ. ಅಪ್ಪ ಫೋಟೋ ನೋಡಿ ಮೂಗಿನ ನಳಿಕೆ ಕಿತ್ತು ಬಿಸಾಡಿದ್ರು. ಹಿಡಿದು ಹಾಕಬೇಕಾಯ್ತು."

ನಾನು ಸದಸ್ಯರನ್ನು ಹುಡುಕಿಕೊಂಡು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಅವರು ತಮ್ಮ ಅಂಗಡಿಯ ಕಟ್ಟೆಯಲ್ಲಿ ಕೂತು ಕೇಳಿಸಿಕೊಂಡರು. "ಗುತ್ತಿನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಸಾರ್? ನಾಚಿಕೆ ಅಲ್ವಾ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದು ತಲೆತಲಾಂತರದಿಂದ ಕೈಗೆ ಅಂಟಿಬಂದ ಅಭ್ಯಾಸ, ಅವರ ಜಾಗದಲ್ಲಿ ನನ್ನ ಅಪ್ಪ ಇದ್ದಿದ್ದರೂ ಬಾಳೆಗೊನೆ ಹೊರಿಸಿಕೊಂಡೇ ಹೋಗುತ್ತಿದ್ದರು. ಬೈಯಲು ಇವರಿಗಿಂತ ಸರಿಯಾದ ಮನುಷ್ಯ ಸಿಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಗುರಿಕಾರರು ಹೇಳಿ ಕಳಿಸಿದರು: ಕಾಣಿಕೆ ನಾವು ಕಳಿಸಿದ್ದಲ್ಲ ಎಂದು ಅದೇ ಗುಂಪಿನಲ್ಲಿ ಬರೆಯಬೇಕು. ಮಗಳು ತಾನೇ ಬರೆದಳು. ಸಂಬಂಧಿಕರ, ಊರವರ ಎದುರು ಮುಖಭಂಗವಾಯಿತೆಂದು ಯಜಮಾನರು ಸಿಡಿದರು. ಒಪ್ಪಿಗೆ ಇಲ್ಲ, ಅಂಚಿನಲ್ಲೂ ಇಲ್ಲ, ನಡುವಿನಲ್ಲೂ ಇಲ್ಲ, ಗೂಟ ಕಂಡರೆ ಕಿತ್ತು ಬಿಸಾಡಿಸುತ್ತೇನೆ ಎಂದರು. ನಾಲ್ಕು ಮುಳ್ಳುಸೌತೆಯಿಂದ ನನ್ನ ಯೋಜನೆ ಹಳ್ಳ ಹಿಡಿಯಿತು. ಮನೆಗೆ ಬಂದು, ಈ ಜನರ ಸಹವಾಸ ಸಾಕು, ಇವರು ಕತ್ತಲೆಯಲ್ಲೇ ಇರಲಿ, ಅವರು ರಬ್ಬರ್ ಮರಗಳನ್ನು ತಬ್ಬಿಕೊಂಡೇ ಇರಲಿ ಎಂದು ಹೆಂಡತಿಯ ಹತ್ತಿರ ಹೇಳಿದೆ. ಅವಳು, ಊಟಕ್ಕೆ ಬಡಿಸಲಾ ಎಂದು ಕೇಳಿದಳು.

ಆ ವಾರ ಮತ್ತೆ ಬಿ.ಸಿ.ರೋಡಿಗೆ ಹೋದದ್ದು ರಾಜಿ ಮಾಡಿಸಲಿಕ್ಕೆ. ಗುರಿಕಾರರು ಗೋಡೆಯ ಕಡೆ ತಿರುಗಿ ಮಲಗಿದರು. ಮಗಳು ಮಾತಾಡಿದಳು, ನಾನು ತಲೆತಗ್ಗಿಸಿ ಕೇಳಿದೆ. ತಲೆತಗ್ಗಿಸಿದಲ್ಲಿ ಎದುರಿಗಿದ್ದದ್ದು ಆ ಮಶೀನು. ಅದರ ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿ, ಯಾವ ವೋಲ್ಟೇಜಿನಲ್ಲಿ ಅದು ಓಡುತ್ತದೆಂದು ಬರೆದಿತ್ತು. ಎಷ್ಟೋ ಸಲ ಆ ಕೋಣೆಗೆ ಬಂದು ಹೋದವ ನಾನು, ಅದನ್ನು ಓದಿರಲಿಲ್ಲ. ಕೋಣೆಯಲ್ಲಿ ಒಳ್ಳೆಯ ಕರೆಂಟು ಇತ್ತು, ಓದುವ ಅಗತ್ಯ ಬಿದ್ದಿರಲಿಲ್ಲ.

ಕಚೇರಿಗೆ ಬಂದು, ಅಂಚಿನ ದಾರಿಯ ಅಳತೆ ಹಾಕಿ ಲೆಕ್ಕ ಮಾಡಿದೆ. ತೋಟವನ್ನು ಸುತ್ತುವುದರಿಂದ ತಂತಿಯ ಉದ್ದ ನೇರ ದಾರಿಗಿಂತ ಬಹಳ ಹೆಚ್ಚಾಗುತ್ತಿತ್ತು. ಸಿಗುವ ಅತಿ ದಪ್ಪ ತಂತಿ ಹಾಕಿ ನೋಡಿದೆ. ಸಂಜೆ ಎಲ್ಲ ಮನೆಗಳಲ್ಲಿ ದೀಪ, ಟಿ.ವಿ. ಹಾಕಿದ ಹೊತ್ತಿಗೆ ಕೊನೆಯ ಮನೆಯಲ್ಲಿ ಸಿಗುವ ವೋಲ್ಟೇಜ್ ಚೀಟಿಯಲ್ಲಿದ್ದ ಕೆಳಮಿತಿಗಿಂತಲೂ ಕೆಳಗೆ ಬಂತು. ಸ್ಟೆಬಿಲೈಸರ್ ಇಟ್ಟರೂ ಏಗುವ ಹಾಗಿರಲಿಲ್ಲ. ಕೊನೆಯ ಮನೆ ಗುರಿಕಾರರದ್ದು.

ಲೆಕ್ಕ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ. ಕಲ್ಲು ಬೇಕೋ ಬೇಡವೋ, ಚಾವಡಿಗೆ ಹೋಗಬೇಕೋ ಬೇಡವೋ ಎಂದು ಇಷ್ಟೆಲ್ಲ ಜನ ಬಡಿದಾಡಿದ್ದು, ಆ ಮುದುಕರ ಮಶೀನನ್ನು ಓಡಿಸಲಾಗದ ಒಂದು ಲೈನಿಗಾಗಿ. ಯಜಮಾನರು ಕೊಡಲು ಹೊರಟದ್ದು ಅವರಿಗೆ ಸುಲಭವಾದಷ್ಟು. ನಾವು ಅದನ್ನು ಒಪ್ಪಿದ್ದು ನಮಗೆ ಸುಲಭವೆಂದು. ಎಷ್ಟು ಬೇಕು ಎಂಬ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಲೆಕ್ಕ ಹಾಕಿದ ಹಾಳೆಯನ್ನು ಹರಿದು ಹಾಕಿ, ಆಮೇಲೆ ಬೇಕಾಗುತ್ತದೆಂದು ಕಸದ ಬುಟ್ಟಿಯಿಂದ ಹೆಕ್ಕಿ ಗೋಂದು ಹಚ್ಚಿದೆ.

ಮರುದಿನ ನಿರ್ಧಾರ ಮಾಡಿದೆ. ಇನ್ನು ಯಾರ ಉದಾರತೆಯೂ ಬೇಡ. ಸಾರ್ವಜನಿಕ ಲೈನಿಗೆ ಜಾಗದವರು ಒಪ್ಪದಿದ್ದರೆ, ಜಿಲ್ಲಾಡಳಿತದ ಮುಂದೆ ಹೋಗಿ ವಿಚಾರಣೆ ನಡೆಸಿ ಆದೇಶ ಪಡೆಯಲು ಕಾನೂನಿನಲ್ಲಿ ದಾರಿ ಇದೆ. ಕಡಿದ ಮರಕ್ಕೆ ಮೌಲ್ಯ ಕಟ್ಟಿ ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರ ತಂದರೆ ಕಡತ ಸಣ್ಣದು, ವಿಚಾರಣೆಯಾದರೆ ದೊಡ್ಡದು. ಅದಕ್ಕಾಗಿ ನಾವು ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ನೇರ ದಾರಿ, ಹೈಟೆನ್ಶನ್ ಲೈನು, ಮನೆಗಳ ಹತ್ತಿರ ಟ್ರಾನ್ಸ್‌ಫಾರ್ಮರ್ ಎಂದು ಮೊದಲಿನ ನಕಾಶೆಯನ್ನೇ ಹಾಕಿ ಪ್ರಸ್ತಾವ ಬರೆದೆ.

"ಅವರಿಗೆ ಮೇಲೆ ಜನ ಉಂಟು. ನಿಮ್ಮನ್ನು ಎತ್ತಿ ಎಲ್ಲಿಗಾದರೂ ಹಾಕಿಸಿಯಾರು," ಎಂದರು ಮೇಲಧಿಕಾರಿ.

"ಹಾಕಲಿ ಸರ್. ಈ ಮೂರೂರು ಸುತ್ತುವುದು ತಪ್ಪುತ್ತದೆ," ಎಂದೆ. ಅವರು ಗೊಣಗುತ್ತಲೇ ಸಹಿ ಹಾಕಿದರು. ಅದಕ್ಕೆ ನಾನು ಈಗಲೂ ಕೃತಜ್ಞ.

ಆಮೇಲಿನದ್ದು ಕಚೇರಿಯ ಕೆಲಸ. ನೋಟಿಸು, ಜಂಟಿ ಪರಿಶೀಲನೆ, ತೋಟಗಾರಿಕೆಯವರು ಬಂದು ಮರದ ವಯಸ್ಸು, ಸುತ್ತಳತೆ, ಕೊಡುವ ಹಾಲು ಎಲ್ಲ ನೋಡಿ ಮೌಲ್ಯ ಕಟ್ಟಿದ್ದು, ಕಡಿಯಬೇಕಾದ ಮರಗಳಿಗೆ ಬಣ್ಣದ ಗುರುತು ಹಾಕಿದ್ದು. ವಿಚಾರಣೆಯ ದಿನ ಯಜಮಾನರು ವಕೀಲರನ್ನು ಕರೆತಂದಿದ್ದರೂ ತಾವೇ ಎದ್ದು ನಿಂತರು.

"ನಾನು ಸಿಟ್ಟಿನಲ್ಲಿ ಇಲ್ಲ ಅಂದದ್ದು ಹೌದು, ಮೊದಲು ಕೊಡ್ತೇನೆ ಅಂದವನೂ ನಾನೇ. ಕೊಡ್ತೇನೆ ಅಂದವನ ಬಾಗಿಲಿಗೆ, ಕಳ್ಳನ ಬಾಗಿಲಿಗೆ ಅಂಟಿಸಿದ ಹಾಗೆ ನೋಟಿಸು ಅಂಟಿಸಿದ್ದಾರೆ," ಎಂದರು. ನನಗೆ ನಿಜಕ್ಕೂ ಬೇಸರವಾಯಿತು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

ವಿಚಾರಣೆ ನಡೆಸಿದ ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಗೋಂದು ಹಚ್ಚಿದ ಹಾಳೆಯ ಲೆಕ್ಕವನ್ನು ಓದಿದೆ, ಮಶೀನಿನ ವಿಷಯ ಹೇಳಿದೆ. ಯಜಮಾನರು ಮುಖ ಎತ್ತಿ ನೋಡಿದರು. ಗುರಿಕಾರರಿಗೆ ಉಸಿರಿನ ಕಾಯಿಲೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿಯೇ ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಆಮೇಲೆ ಅವರು ಏನೂ ವಾದಿಸಲಿಲ್ಲ. ಆದೇಶ ಬಂತು.

ಮರಗಳು ಉರುಳುವ ದಿನ ಅವರು ತೋಟಕ್ಕೆ ಬರಲಿಲ್ಲ. ರಸ್ತೆಯಿಂದ ಹೊಳೆಯ ತನಕ ಸಿಮೆಂಟ್ ಕಂಬಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದೆವು. ಹೊಳೆ ದಾಟಿದ ಮೇಲೆ ಗಾಡಿ ಹೋಗದು, ಸಿಮೆಂಟ್ ಕಂಬ ಹೊತ್ತರೆ ಹೆಗಲೂ ಮುರಿಯುತ್ತದೆ, ಕಂಬವೂ ಮುರಿಯುತ್ತದೆ. ಅಲ್ಲಿಗೆ ಕಬ್ಬಿಣದ ಕೊಳವೆ ಕಂಬಗಳನ್ನು ತರಿಸಿ, ನಮ್ಮ ಗ್ಯಾಂಗಿನವರೂ ಮೇಲಿನ ಮನೆಗಳ ಗಂಡಸರೂ ಸೇರಿ ಹೊತ್ತರು. ಮೇಲೆ ನೆಲವೆಲ್ಲ ಬಂಡೆ, ಟ್ರಾನ್ಸ್‌ಫಾರ್ಮರನ್ನು ನೆಲಕ್ಕೆ ಕೂಡಿಸುವ ಅರ್ತಿಂಗ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಂದು ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಸುರಿದು ಅಳೆದರೂ ಮೀಟರು ಒಪ್ಪಲಿಲ್ಲ. ಬೇರೆ ಗುಂಡಿ ತೋಡಿದೆವು, ಅದೂ ಆಗಲಿಲ್ಲ. ಮೂರನೆಯದು ಗುರಿಕಾರರ ಮನೆಯ ಬಚ್ಚಲು ನೀರು ಹರಿಯುವ ಕಡೆ ಹಿಡಿಯಿತು. ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡಿ ಹೋದರು. ಮೊದಲ ಮಳೆ ಅದಾಗಲೇ ಬಿದ್ದಾಗಿತ್ತು, ನಾನು ಕೊಟ್ಟ ಮಾತು ತಪ್ಪಿತ್ತು.

ಲೈನು ಚಾರ್ಜ್ ಮಾಡುವ ದಿನ ಸಮಾರಂಭ ಇಟ್ಟುಕೊಳ್ಳಬಾರದೆಂದು ನಾನೇ ಸದಸ್ಯರಿಗೆ ಕೈಮುಗಿದಿದ್ದೆ. ಗುರಿಕಾರರನ್ನು ಜೀಪಿನಲ್ಲಿ ಹೊಳೆಯ ತನಕ ತಂದು, ಅಲ್ಲಿಂದ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಕರೆಂಟು ಹೋದರೆ ಎಂದು ಮಗಳು ಒಂದು ಸಣ್ಣ ಸಿಲಿಂಡರನ್ನೂ ಜೊತೆಗೆ ತಂದಿದ್ದಳು. ರಸ್ತೆಬದಿಯಲ್ಲಿ ಲೈನ್‌ಮ್ಯಾನ್ ಸ್ವಿಚ್ ಕೂಡಿಸಿ ಫೋನು ಮಾಡಿದ. ನಾನು ಗುರಿಕಾರರ ಮನೆಯ ಪ್ಲಗ್ಗಿಗೆ ಮೀಟರ್ ಹಚ್ಚಿ ನೋಡಿದೆ. ವೋಲ್ಟೇಜ್ ಪೇಟೆಯಲ್ಲಿ ಇರುವಷ್ಟೇ ಇತ್ತು. ಮಗಳು ಮಶೀನಿನ ಗುಂಡಿ ಒತ್ತಿದಳು, ಅದು ಬೀಪ್ ಎಂದು ಒಮ್ಮೆ ಕೂಗಿ ಓಡಲು ಶುರುವಾಯಿತು. ಗುರಿಕಾರರು ಜಗಲಿಯ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು.

ಟ್ರಾನ್ಸ್‌ಫಾರ್ಮರಿಗೆ ಬೇಲಿ ಕಟ್ಟಿಸುತ್ತಿದ್ದಾಗ ಕೆಳಗಿನಿಂದ ಯಾರೋ ಹತ್ತಿಬರುವುದು ಕಂಡಿತು. ಯಜಮಾನರು. ಒಬ್ಬರೇ, ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು. ಮತ್ತೊಂದು ಜಗಳಕ್ಕೆ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಆದರೂ ಅವರ ಹಿಂದೆಯೇ ಅಂಗಳಕ್ಕೆ ಹೋದೆ. ಅವರು ಜಗಲಿಯ ಎದುರು ನಿಂತು ಮಶೀನನ್ನು, ಗುರಿಕಾರರ ಮೂಗಿನ ನಳಿಕೆಯನ್ನು ನೋಡಿದರು.

"ಕರೆಂಟು ಬಂತಾ?" ಎಂದು ಕೇಳಿದರು.

"ಬಂತು."

"ನಮ್ಮ ತೋಟದ ಮೇಲಿಂದಲೇ ಬಂತು."

"ಹೌದು," ಎಂದರು ಗುರಿಕಾರರು. "ಮರದ ದುಡ್ಡು ಸಿಕ್ಕಿತಾ ನಿಮಗೆ?"

"ಸಿಕ್ಕಿತು."

"ಪೂರ್ತಿ?"

"ಪೂರ್ತಿ ಸಿಕ್ಕಿತು."

"ಹಾಗಾದರೆ ನಿಮಗೆ ಬರಲಿಕ್ಕೆ ಎಂತದೂ ಬಾಕಿ ಇಲ್ಲ."

ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಯಜಮಾನರು ಒಂದು ಕೈಯಿಂದ ಇನ್ನೊಂದು ಕೈಗೆ ಚಪ್ಪಲಿ ಬದಲಿಸಿದರು. ಇನ್ನು ತಿರುಗಿ ಹೋಗುತ್ತಾರೆ ಎಂದುಕೊಂಡೆ.

"ನಿಮಗೆ?" ಎಂದು ಕೇಳಿದರು.

ಗುರಿಕಾರರು ನಳಿಕೆ ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ಆಚೆಗೆ ದೂಡಿ ಜಾಗ ಮಾಡಿದರು.

"ಅದನ್ನು ಕೇಳಿದವರಲ್ಲಿ ನೀವೇ ಮೊದಲು. ಕೂತುಕೊಳ್ಳಿ, ಹೇಳ್ತೇನೆ."

ಯಜಮಾನರು ಚಪ್ಪಲಿ ಕೆಳಗಿಟ್ಟು, ಜಗಲಿ ಹತ್ತಿ ಕೂತರು. ಗುರಿಕಾರರು ಗುಡ್ಡೆಯ ಕುಮೇರಿಗೆ ಬೇಲಿ ಬಿದ್ದ ವರ್ಷದಿಂದ ಶುರು ಮಾಡಿದರು. ಮಶೀನಿನ ಸದ್ದು ಜೋರಾಗಿತ್ತು, ಅದಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು.